ಮುಖಪುಟದ ಜೋಡಿ

ನನ್ನ ಹೆಸರಿನಲ್ಲಿ ಇರುವುದು ಒಂದೇ ಪುಸ್ತಕ. ಅದರಲ್ಲಿ ಅಕ್ಷರ ಕಡಿಮೆ, ಚಿತ್ರವೇ ಹೆಚ್ಚು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ದುಡಿಯುವ ಜನರ ಅರವತ್ತು ಕಪ್ಪು-ಬಿಳುಪು ಫೋಟೋಗಳು. ಈಗಲೂ ಆಗಾಗ ಯಾರಾದರೂ ಆ ಪುಸ್ತಕವನ್ನು ನೆನಪಿಸಿಕೊಂಡು ಮುಖಪುಟವನ್ನು ಹೊಗಳುತ್ತಾರೆ. ಇಷ್ಟು ವರ್ಷ ಸುಮ್ಮನೆ ತಲೆಯಾಡಿಸಿ, ನಕ್ಕು, ಮಾತು ಬದಲಾಯಿಸಿದ್ದೇನೆ. ಆ ಫೋಟೋ ಹೇಗೆ ಬಂತು ಎಂಬುದನ್ನು ಒಮ್ಮೆ ಬರೆದು ಮುಗಿಸಿಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಪುಟ್ಟ ಸ್ಟುಡಿಯೋ ಇತ್ತು. ಅರ್ಜಿಗೆ ಅಂಟಿಸುವ ಫೋಟೋಗಳಿಂದ ಅಂಗಡಿ ನಡೆಯುತ್ತಿರಲಿಲ್ಲ. ನಡೆಸುತ್ತಿದ್ದದ್ದು ಮದುವೆಗಳು. ಸ್ಕೂಟರಿನ ಮುಂದೆ ಚೀಲ ಇಟ್ಟುಕೊಂಡು ಒಂದು ದಿನ ಪಾಂಡವಪುರ, ಮರುದಿನ ನಾಗಮಂಗಲ, ಅದರ ಮರುದಿನ ಕೆ.ಆರ್. ಪೇಟೆಯ ಸಂತೆಬಾಚಹಳ್ಳಿಯ ಕಡೆ ಅಂತ ಸುತ್ತುತ್ತಿದ್ದೆ. ಮದುವೆ ಮನೆಯಲ್ಲಿ ರೀಲು ಮುಗಿಯುತ್ತದೆ, ನೆಂಟರು ಮುಗಿಯುವುದಿಲ್ಲ. ಹುಡುಗನ ಸೋದರಮಾವ ಒಂದು ಸಲ ಸಾಲದೆಂದು ಮೂರು ಸಲ ಮಂಟಪ ಹತ್ತುತ್ತಾನೆ. ಬೇಡ ಎಂದರೆ ರಂಪ. ಅಂಥ ಹೊತ್ತಿಗೆ ನಮ್ಮ ಕಸುಬಿನವರಿಗೆಲ್ಲ ಒಂದು ಉಪಾಯ ಗೊತ್ತಿತ್ತು. ಫ್ಲಾಶಿನ ಬೆನ್ನಿನಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆಳಕು ಮಾತ್ರ ಹೊಡೆಯುತ್ತದೆ, ಕ್ಯಾಮೆರಾ ಕಣ್ಣು ತೆರೆಯುವುದಿಲ್ಲ, ಸದ್ದೂ ಬರುವುದಿಲ್ಲ, ರೀಲು ಖರ್ಚಾಗುವುದಿಲ್ಲ. ಇದಕ್ಕೆ ‘ಖಾಲಿ ಹೊಡೆಯೋದು’ ಎನ್ನುತ್ತಿದ್ದೆವು. ಓಲಗದ ಗದ್ದಲದಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಆಲ್ಬಮ್ಮಿನಲ್ಲಿ ನನ್ನ ಫೋಟೋ ಎಲ್ಲಿ ಅಂತ ಯಾರಾದರೂ ಕೇಳಿದರೆ ಅದಕ್ಕೂ ಸಿದ್ಧ ಉತ್ತರವಿತ್ತು. ರೀಲಿಗೆ ಬೆಳಕು ಬಿದ್ದುಬಿಡ್ತು ಸ್ವಾಮಿ, ಅಷ್ಟೆ. ಎಲ್ಲರೂ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ, ಅದು ಮೋಸ ಅಂತ ಆಗ ಒಂದು ದಿನವೂ ಅನ್ನಿಸಿರಲಿಲ್ಲ.

ಮೈಸೂರಿನಲ್ಲಿ ನನಗೆ ಪರಿಚಯದ ಒಬ್ಬ ಮೇಷ್ಟ್ರಿದ್ದರು. ಕಾಲೇಜಿನಿಂದ ನಿವೃತ್ತರಾದ ಮೇಲೆ ಮನೆಯಲ್ಲೇ ಸಣ್ಣದೊಂದು ಪ್ರಕಾಶನ ಶುರುಮಾಡಿದ್ದರು. ಮದುವೆಗಳ ನಡುವೆ ನನ್ನ ಖುಷಿಗೆ ತೆಗೆದ ಕೆಲವು ಕಪ್ಪು-ಬಿಳುಪು ಫೋಟೋಗಳನ್ನು ಅವರಿಗೆ ತೋರಿಸಿದೆ. ಅವರು ಒಳಗಿನಿಂದ ಹೊರದೇಶದ ದಪ್ಪನೆಯ ಫೋಟೋ ಪುಸ್ತಕವೊಂದನ್ನು ತಂದು ತೊಡೆಯ ಮೇಲಿಟ್ಟರು. ಯಾವುದೋ ಊರಿನ ಗಣಿ ಕೆಲಸಗಾರರು, ಅವರ ಹೆಂಡಿರು, ಅವರ ಅಡುಗೆಮನೆ. ಒಬ್ಬರೂ ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಅವರ ಪಾಡಿಗೆ ಅವರಿದ್ದರು. ಇಂಥದೊಂದು ನಮ್ಮ ಸೀಮೆಯ ಮೇಲೆ ಆಗಬೇಕು, ಮಾಡುತ್ತೀಯಾ ಅಂತ ಮೇಷ್ಟ್ರು ಕೇಳಿದರು. ಪುಟ ತಿರುವುವುದನ್ನು ನಿಲ್ಲಿಸದೆ ಹೂಂ ಅಂದೆ. ಮದುವೆ ಫೋಟೋದವನು ಅಂತ ಕರೆಸಿಕೊಂಡು ಕರೆಸಿಕೊಂಡು ನನಗೆ ಸಾಕಾಗಿತ್ತು.

ಆದರೆ ನಮ್ಮ ಸೀಮೆಯ ಜನ ಅವರ ಪಾಡಿಗೆ ಇರುವವರಲ್ಲ. ನಾಗಮಂಗಲದಲ್ಲಿ ಎರಕ ಹೊಯ್ಯುವ ಮನೆಗೆ ಹೋದೆ. ಹಿತ್ತಾಳೆ ಕಾದು ಕೆಂಪಗಾಗಿ, ಆತನ ಮುಖಕ್ಕೆ ಬೆಳಕು ಬಿದ್ದು, ನೋಡುವುದಕ್ಕೆ ಎರಡು ಕಣ್ಣು ಸಾಲದಂತಿತ್ತು. ಕ್ಯಾಮೆರಾ ತೆಗೆದದ್ದೇ ತಡ, ಆತ ಕೆಲಸ ಬಿಟ್ಟು ಎದ್ದುಹೋಗಿ, ಇಸ್ತ್ರಿ ಶರ್ಟು ತೊಟ್ಟು, ಮುಗಿದ ವಿಗ್ರಹವೊಂದನ್ನು ಮಗುವಿನಂತೆ ಎತ್ತಿಕೊಂಡು ಸೆಟೆದು ನಿಂತ. ಸಂತೆಬಾಚಹಳ್ಳಿಯ ಸಂತೆಯಲ್ಲಿ ವೀಳ್ಯದೆಲೆ ಮಾರುವ ಹೆಂಗಸು ಎಲೆಗೆ ನೀರು ಚಿಮುಕಿಸುತ್ತಿದ್ದವಳು ಕೈ ಒರೆಸಿಕೊಂಡು, ಮಡಿಲಲ್ಲಿ ಕೈ ಜೋಡಿಸಿ ಕೂತುಬಿಟ್ಟಳು. ಪಾಂಡವಪುರದ ಕಬ್ಬಿನ ಗಾಡಿಗಳ ಸಾಲಿನಲ್ಲಿ ಒಬ್ಬ ಎತ್ತುಗಳ ಮುಖವನ್ನೂ ನನ್ನ ಕಡೆಗೆ ತಿರುಗಿಸಿ ಹಿಡಿದುಕೊಂಡ. ಅವರ ಪಾಲಿಗೆ ಫೋಟೋ ಎಂದರೆ ಆಡಿಕೊಳ್ಳುವವರ ಎದುರೂ ತಲೆ ತಗ್ಗಿಸದೆ ನಿಂತ ಒಂದು ಗಳಿಗೆ. ನನಗೆ ಬೇಕಿದ್ದದ್ದು ಆ ಗಳಿಗೆ ಅಲ್ಲ.

ಕೊನೆಗೆ ಮದುವೆಯ ಉಪಾಯವೇ ನೆನಪಾಯಿತು. ರೀಲಿಲ್ಲದ ಒಂದು ಹಳೆ ಕ್ಯಾಮೆರಾಕ್ಕೆ ಫ್ಲಾಶು ಸಿಕ್ಕಿಸಿ ಕೈಯಲ್ಲಿ ಹಿಡಿಯುತ್ತಿದ್ದೆ. ರೀಲಿರುವುದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಹೊಟ್ಟೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದೆ. ಜನ ಬೇಕಾದ ಹಾಗೆ ಸಿಂಗರಿಸಿಕೊಂಡು ನಿಲ್ಲಲಿ ಅಂತ ಬಿಡುತ್ತಿದ್ದೆ. ಖಾಲಿ ಹೊಡೆಯುತ್ತಿದ್ದೆ. ‘ಆಯ್ತು’ ಎನ್ನುತ್ತಿದ್ದೆ. ಆ ಮಾತಿಗೆ ಎಲ್ಲರೂ ಹಿಡಿದ ಉಸಿರು ಬಿಡುತ್ತಾರೆ, ಭುಜ ಇಳಿಯುತ್ತದೆ, ಪಕ್ಕದವರ ಕಡೆ ತಿರುಗಿ ಏನೋ ಅನ್ನುತ್ತಾರೆ. ಆಗ ಹೊಟ್ಟೆಯ ಹತ್ತಿರದ ಕ್ಯಾಮೆರಾವನ್ನು ಒತ್ತುತ್ತಿದ್ದೆ. ಅದರ ಸದ್ದು ಕೇಳದಿರಲಿ ಅಂತ ಅದೇ ಕ್ಷಣಕ್ಕೆ ಕೆಮ್ಮುತ್ತಿದ್ದೆ. ಕೆಮ್ಮಿ ಕೆಮ್ಮಿ ಅದೇ ನನಗೆ ರೂಢಿಯಾಯಿತು. ಫೋಟೋಗಳನ್ನು ನೋಡಿ ಮೇಷ್ಟ್ರು ಬೆರಗಾದರು. ನನಗೆ ಕೋಡು ಮೂಡಿತು.

ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿಯ ಆಲೆಮನೆಗೆ ಹೋದದ್ದು ಕಬ್ಬು ಅರೆಯುವ ಕಾಲದಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಗಾಣ ನಿಂತಿತ್ತು. ಅಲ್ಲಿ ಬೆಲ್ಲದ ಪಾಕ ನೋಡುವ ಕೆಲಸದ ಹಿರಿಯರೊಬ್ಬರಿದ್ದರು, ಅರವತ್ತರ ಆಸುಪಾಸು. ಕೊಪ್ಪರಿಗೆಯ ಪಕ್ಕ ಕಣ್ಣು ಮುಚ್ಚಿ ಕೂತು, ಪಾಕ ಕುದಿಯುವ ಸದ್ದು ಕೇಳಿಯೇ ಇಳಿಸಿ ಅಂತ ಹೇಳುವವರು, ಅವರು ಹೇಳಿದ ಮೇಲೆ ಒಂದು ಗಳಿಗೆ ತಡಮಾಡಿದರೂ ಬೆಲ್ಲ ಕೆಡುತ್ತದೆ ಅಂತ ಆಲೆಮನೆಯವರು ನನಗೆ ಹೆಮ್ಮೆಯಿಂದ ಹೇಳಿದರು. ನಾನು ಹೂಂಗುಟ್ಟಿದೆ. ನನ್ನ ಗಮನವೆಲ್ಲ ಮಾಡಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲಿನ ಮೇಲಿತ್ತು. ಅವರ ಹೆಂಡತಿ ಊಟದ ಬುತ್ತಿ ತಂದಿದ್ದರು. ಕ್ಯಾಮೆರಾ ಕಂಡ ಕೂಡಲೇ ಆಕೆ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ನಮ್ ಮದ್ವೇಲಿ ಫೋಟೋ ತೆಗೆಯೋರು ಬಂದಿರ್ನಿಲ್ಲ ಕಣಪ್ಪ. ಒಂದ್ ಜೋಡಿ ಫೋಟೋ ತೆಕ್ಕೊಡು.”

ತೆಗೆಯೋಣ ಅವ್ವಾ ಅಂದೆ. ಆಕೆ ಮನೆಗೆ ಹೋಗಿ, ಮುಖ ತೊಳೆದು, ಮಗಳ ಮದುವೆಯಲ್ಲಿ ಉಟ್ಟಿದ್ದ ಸೀರೆ ಉಟ್ಟು ಬಂದರು. ಗಂಡನಿಗೆ ಬಿಳಿ ಶರ್ಟು ತಂದಿದ್ದರು. ಆತನ ಕೈಗೆ ಅಂಟಿದ್ದ ಬೆಲ್ಲವನ್ನು ತಾವೇ ನೀರು ಹಾಕಿ ತೊಳೆದರು. ಇಬ್ಬರೂ ಗಾಣದ ಪಕ್ಕ ನೆಟ್ಟಗೆ ನಿಂತರು, ನಡುವೆ ಒಂದು ಗೇಣು ಜಾಗ ಬಿಟ್ಟು. ಆತ ಗದ್ದ ಎತ್ತಿದ್ದರು. ಆಕೆ ಕಣ್ಣು ಮಿಟುಕಿಸಲೂ ಇಲ್ಲ. ನಾನು ಖಾಲಿ ಹೊಡೆದೆ, ‘ಆಯ್ತು’ ಅಂದೆ. ಆತ ಹೆಂಡತಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಆಕೆ ಅವರ ಎದೆಯ ಮೇಲೆ ಕೈಯಿಟ್ಟು, ಸುಮ್ಮನಿರಿ ಎನ್ನುವ ಹಾಗೆ, ಕಣ್ಣನ್ನು ಮಾತ್ರ ನನ್ನ ಕಡೆ ತಿರುಗಿಸಿದರು. ಕೆಮ್ಮಿದೆ, ಒತ್ತಿದೆ. ಒತ್ತಿದ ಕ್ಷಣವೇ ಗೊತ್ತಾಯಿತು, ಇಂಥದು ಇನ್ನೊಂದು ನನಗೆ ಸಿಗುವುದಿಲ್ಲ ಅಂತ. ಫೋಟೋಕ್ಕೆ ಸ್ಟುಡಿಯೋಗೆ ಬನ್ನಿ ಅಂತ ಹೇಳಿ ಹೊರಟೆ. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು. ಅವರು ಬರಲಿಲ್ಲ. ನನಗೆ ಅದು ಒಳ್ಳೆಯದೇ ಆಯಿತು ಅನ್ನಿಸಿತು.

ಪುಸ್ತಕದ ಕೆಲಸ ನಡೆಯುತ್ತಿತ್ತು. ಮೇಷ್ಟ್ರ ಮನೆಯ ನಡುಮನೆಯ ತುಂಬ ಫೋಟೋ ಹರವಿ, ನಾವಿಬ್ಬರೂ ಮಂಡಿಯೂರಿ ಹಿಂದೆ ಮುಂದೆ ಸರಿಸುತ್ತಿದ್ದೆವು. ಯಾವುದರ ಎದುರು ಪುಟಕ್ಕೆ ಯಾವುದು ಬರಬೇಕು ಅಂತ ದಿನಗಟ್ಟಲೆ ಜಗಳ. ಎರಕದವನ ಕೈ ಎದುರಿಗೆ ಎಲೆ ಮಾರುವವಳ ಕೈ ಇಟ್ಟರೆ ಎರಡೂ ಬೇರೆ ಏನನ್ನೋ ಹೇಳುತ್ತವೆ ಅಂತ ಅವರು ಕಲಿಸಿಕೊಟ್ಟರು. ಆ ದಿನಗಳಷ್ಟು ಸಂತೋಷವಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಪಾಲಹಳ್ಳಿಯ ಜೋಡಿಯನ್ನು ಮಾತ್ರ ಮೇಷ್ಟ್ರು ಮೊದಲ ದಿನವೇ ಬದಿಗೆ ಎತ್ತಿಟ್ಟರು. ಇದು ಮುಖಪುಟ, ಇದಕ್ಕೆ ‘ಗುಟ್ಟು’ ಅಂತ ಹೆಸರು, ಮಾತಿಲ್ಲ ಅಂದರು. ಅವರು ಒಪ್ಪಿದ್ದಾರೆ ತಾನೇ ಅಂತಲೂ ಕೇಳಿದರು. ಅವರೇ ಕೇಳಿ ತೆಗೆಸಿಕೊಂಡದ್ದು ಸಾರ್ ಅಂದೆ. ಅದು ಸುಳ್ಳಲ್ಲ. ಸುಳ್ಳಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಆಕೆ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದರು. ಕುಂಕುಮ ಇರಲಿಲ್ಲ. ನನಗೆ ಗುರುತು ಹತ್ತಲಿಲ್ಲ. ಆಕೆಯೇ ಹೇಳಿದರು.

“ಆಲೆಮನೇತಾವ ತೆಗ್ದಿದ್ದಲ್ಲ, ಆ ಜೋಡಿ ಫೋಟೋ. ಅವ್ರು ಓಗ್ಬುಟ್ರು ಕಣಪ್ಪ, ಬ್ಯಾಸ್ಗೇಲಿ. ಮಾರ್ನಮಿಗೆ ಎಡೆ ಇಕ್ಕಕ್ಕೆ ಎದ್ರುಗೆ ಒಂದ್ ಮೊಕ ಬೇಕಲ್ವಾ.”

ನಮ್ಮ ಕಡೆ ಪಿತೃಪಕ್ಷದಲ್ಲಿ, ಅಂದರೆ ಮಾರ್ನಮಿಯಲ್ಲಿ, ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಅವರಿಗೆ ಪ್ರಿಯವಾದ ತಿನಿಸು, ಹೊಸ ಬಟ್ಟೆ, ಎಲ್ಲವನ್ನೂ ಫೋಟೋದ ಎದುರು ಇಟ್ಟು ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ, ಬಂದು ಉಣ್ಣಲಿ ಅಂತ. ಅದು ಆತನಿಗೆ ಮೊದಲ ವರ್ಷದ ಎಡೆ. ನನ್ನ ಬಾಯಿಗೆ ಬಂದದ್ದು ಕಸುಬಿನ ಮಾತೇ.

“ರೀಲಿಗೆ ಬೆಳಕು ಬಿದ್ಬುಡ್ತು ಅವ್ವಾ,” ಅಂದೆ.

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟಾಗಲಿಲ್ಲ. ಅದೊಂದಲ್ಲದೆ ಬೇರೆ ಯಾವುದರಲ್ಲಾದರೂ ಅವರು ಬಿದ್ದಿಲ್ಲವಾ, ಹಿಂದುಗಡೆ, ಪಕ್ಕದಲ್ಲಿ, ಅರ್ಧ ಮುಖವಾದರೂ ಸರಿ ಅಂತ ಕೇಳಿದರು. ನನ್ನ ಮೊಣಕೈ ಮೇಜಿನ ಮೇಲಿತ್ತು. ಅದರ ಕೆಳಗಿನ ಡ್ರಾಯರಿನಲ್ಲಿ, ದಪ್ಪ ಕಾಗದದ ಲಕೋಟೆಯೊಳಗೆ, ಆತ ಹೆಂಡತಿಯ ಕಿವಿಗೆ ಬಾಗಿದ್ದ ಫೋಟೋ ಇತ್ತು. ಮುಖಪುಟದ ಅಳತೆಗೆ ನಾನೇ ತೊಳೆದು ಒಣಗಿಸಿದ್ದು. ಕೊಟ್ಟರೆ ಇದು ಹೇಗೆ ಉಳಿಯಿತು ಅಂತ ಕೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಇದು ಗಂಡ ಹೆಂಡಿರ ನಡುವಿನ ಮಾತು, ಪುಸ್ತಕದಲ್ಲಿ ಹಾಕಬೇಡ ಅಂದುಬಿಟ್ಟರೆ? ಆ ಹೆದರಿಕೆ ಆತನ ಸಾವಿಗಿಂತ ದೊಡ್ಡದಾಗಿ ನನ್ನೊಳಗೆ ಎದ್ದಿತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಇಲ್ಲ ಅವ್ವಾ, ಒಂದೂ ಇಲ್ಲ ಅಂದೆ.

ಆಕೆ ಸೆರಗಿನ ಗಂಟು ಬಿಚ್ಚಿ ಗಂಡನ ಓಟಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅದು ಬಂದು ಆಗ ಸ್ವಲ್ಪ ಕಾಲವಾಗಿತ್ತು ಅಷ್ಟೆ. ಹೆಬ್ಬೆರಳಿನ ಉಗುರಿನಷ್ಟು ಮುಖ, ಅರ್ಧಕ್ಕೆ ಮಸಿ ಹಿಡಿದಂತೆ ಕಪ್ಪು. ಅದನ್ನೇ ದೊಡ್ಡದು ಮಾಡಿಕೊಡು ಅಂದರು. ಮಾಡಿದೆ. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಸಣ್ಣ ಕುಂಚ ಹಿಡಿದು ಕಣ್ಣು ತಿದ್ದಿದೆ, ಹುಬ್ಬು ತಿದ್ದಿದೆ, ಬಿಳಿ ಶರ್ಟಿನ ಕಾಲರು ಬರೆದೆ. ತಿದ್ದುವಾಗ ಆಗಾಗ ಡ್ರಾಯರು ಎಳೆದು, ಅಲ್ಲಿದ್ದ ನಿಜವಾದ ಮುಖ ನೋಡಿಕೊಂಡು, ಮತ್ತೆ ಈ ಮುಖಕ್ಕೆ ಬರುತ್ತಿದ್ದೆ. ಎಷ್ಟು ತಿದ್ದಿದರೂ ಅದು ಯಾರದೋ ಮುಖವಾಗಿಯೇ ಉಳಿಯಿತು. ಆಕೆ ಬಂದು ನೋಡಿ, ಅವರ ಹಾಗೆಯೇ ಕಾಣುತ್ತದೆ ಬುಡು ಅಂದರು. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಅಂದರು.

ಮರುವರ್ಷ ಪುಸ್ತಕ ಬಂತು. ಮೈಸೂರಿನಲ್ಲಿ ಬಿಡುಗಡೆ. ಮುನ್ನುಡಿಯಲ್ಲಿ ಮೇಷ್ಟ್ರು ಮುಖಪುಟದ ಬಗ್ಗೆಯೇ ಒಂದು ಪುಟ ಬರೆದಿದ್ದರು. ಮಾಗಿದ ದಾಂಪತ್ಯ, ಇಳಿವಯಸ್ಸಿನ ಪಿಸುಮಾತು, ನಾಚಿದ ಕಣ್ಣು. ಕ್ಯಾಮೆರಾ ಇದೆ ಎಂಬುದನ್ನೇ ಮರೆತ ಜನ ಅಂತ ಒಂದು ಸಾಲೂ ಇತ್ತು. ಸಭೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಇವರೆಲ್ಲ ನಿಮ್ಮನ್ನು ಅಷ್ಟೊಂದು ನಂಬುವ ಹಾಗೆ ಹೇಗೆ ಮಾಡಿದಿರಿ ಸಾರ್ ಅಂತ ಕೇಳಿದಳು. ಅವರ ಜೊತೆ ಕೂತು ಉಂಡರೆ ಸಾಕು, ತಾವೇ ನಂಬುತ್ತಾರೆ ಅಂತ ಉತ್ತರ ಕೊಟ್ಟೆ. ಚಪ್ಪಾಳೆ ಬಿತ್ತು. ಪಾಲಹಳ್ಳಿಯಲ್ಲಿ ನಾನು ಒಂದು ಲೋಟ ಕಬ್ಬಿನ ಹಾಲು ಕುಡಿದು ಎದ್ದುಬಂದಿದ್ದೆ. ಚಪ್ಪಾಳೆಯ ನಡುವೆ ನನಗೆ ಕೆಮ್ಮು ಬಂತು, ನಿಜವಾದ ಕೆಮ್ಮು. ನೀರು ಕುಡಿದರೂ ನಿಲ್ಲಲಿಲ್ಲ.

ಆಮೇಲೆ ನೆಮ್ಮದಿ ಕೆಟ್ಟಿತು. ಅಂಗಡಿಯಲ್ಲಿ ಪುಸ್ತಕದ ಕಟ್ಟು ಇಟ್ಟುಕೊಂಡಿದ್ದೆ. ಬಂದವರಿಗೆಲ್ಲ ತೋರಿಸುವ ಆಸೆ, ತೋರಿಸಿದರೆ ಆಕೆಯ ಕಣ್ಣು ನೇರ ನನ್ನ ಮೇಲೆ. ಕಟ್ಟನ್ನು ಮಗುಚಿ, ಮುಖಪುಟ ಕೆಳಗೆ ಮಾಡಿ ಇಟ್ಟೆ. ಎರಡು ಸಲ ಪಾಲಹಳ್ಳಿಗೆ ಹೊರಟು, ಅರ್ಧ ದಾರಿಯಿಂದ ಹಿಂತಿರುಗಿ ಬಂದೆ. ಮೂರನೆಯ ಸಲ ತಲುಪಿದೆ. ಚೀಲದಲ್ಲಿ ಒಂದು ಪುಸ್ತಕ ಇತ್ತು. ಎಂದಿನ ರೂಢಿಯಿಂದ ರೀಲು ತುಂಬಿದ ಕ್ಯಾಮೆರಾವೂ ಇತ್ತು.

ಆಕೆ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬಾಗಿಲಿನಿಂದಲೇ ಒಳಗಿನ ಗೋಡೆ ಕಾಣುತ್ತಿತ್ತು. ನಾನು ತಿದ್ದಿದ ಆ ಮುಖ, ಒಣಗಿದ ಹಾರ ಹಾಕಿಕೊಂಡು, ಯಾರನ್ನೂ ಗುರುತಿಸದೆ ನೋಡುತ್ತಿತ್ತು. ನಾನು ಪುಸ್ತಕವನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಒಂದು ಬೆರಳು ಗಂಡನ ಕೆನ್ನೆಯ ಮೇಲೆ ಇತ್ತು. ಆ ಬೆರಳು ಅಲ್ಲಿಂದ ಕದಲಲಿಲ್ಲ.

ನಾನು ಶುರುಮಾಡಿದೆ. ಅವತ್ತು ಬೆಳಕು ಹೊಡೆದ ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ ಅವ್ವಾ, ಇದನ್ನು ನೀವು ಗಮನಿಸದಾಗ ಇನ್ನೊಂದರಲ್ಲಿ ತೆಗೆದೆ, ನೀವು ಅಂಗಡಿಗೆ ಬಂದಾಗ ಇದು ನನ್ನ ಹತ್ತಿರವೇ ಇತ್ತು, ಕೊಡಲಿಲ್ಲ ಅಂತ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು. ಆಕೆ ತಲೆಯೆತ್ತಲಿಲ್ಲ.

“ಗೊತ್ತಿತ್ತು ಬುಡು,” ಅಂದರು. “ಇದ್ರಲ್ಲಿ ಅವ್ರು ಏನೇಳ್ತಾವ್ರೆ ಗೊತ್ತಾ ನಿಂಗೆ? ‘ಬೆಳ್ಕ್ ಬಂತು, ಸದ್ದೇ ಬರ್ನಿಲ್ವಲ್ಲಮ್ಮಿ’ ಅಂತಾವ್ರೆ. ಓಟಿನ ಚೀಟಿಗೆ ತೆಗ್ದಾಗ ಟಕ್ ಅಂದಿತ್ತಂತೆ.”

ಜಗಲಿಯ ಅಂಚಿನಲ್ಲಿ ಕೂತೆ. ಮೇಷ್ಟ್ರು ಒಂದು ಪುಟ ಬರೆದ ಪಿಸುಮಾತು ಅದು. ಸಾವಿರ ಜನ ನೋಡಿ ಮೆಚ್ಚಿದ ಗುಟ್ಟು ಅದು. ಪಾಕದ ಸದ್ದನ್ನು ಕಣ್ಣು ಮುಚ್ಚಿ ಹಿಡಿಯುತ್ತಿದ್ದ ಮನುಷ್ಯ ನನ್ನ ಮೋಸವನ್ನು ಹಿಡಿದು ಹೆಂಡತಿಗೆ ಹೇಳುತ್ತಿರುವ ಫೋಟೋವನ್ನು ನಾನೇ ತೆಗೆದು, ನಾನೇ ತೊಳೆದು, ನನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ್ದೆ. ಆಕೆಯ ಕಣ್ಣಿನಲ್ಲಿದ್ದದ್ದು ನಾಚಿಕೆಯಲ್ಲ. ಗಂಡ ಹೇಳಿದ್ದು ಹೌದೋ ಅಲ್ಲವೋ ಅಂತ ನನ್ನನ್ನು ನೋಡಿದ್ದರು.

ಹಾಗಾದರೆ ಅಂಗಡಿಗೆ ಯಾಕೆ ಬಂದಿರಿ ಅವ್ವಾ ಅಂತ ಕೇಳಿದೆ.

“ಅವ್ರ ಮಾತು ಸುಳ್ಳಾಗ್ಲಿ ಅಂತ ಬಂದೆ ಕಣಪ್ಪ. ಯಾವತ್ತೂ ಆಗಿರ್ನಿಲ್ಲ. ಅದೊಂದ್ ಸಲನಾದ್ರೂ ಆಗ್ಲಿ ಅಂತ.”

ಆಕೆ ಪುಸ್ತಕವನ್ನು ಮುಚ್ಚಿ, ಒಳಗೆ ತೆಗೆದುಕೊಂಡು ಹೋಗಿ, ಗೋಡೆಯ ಫೋಟೋದ ಕೆಳಗಿನ ಗೂಡಿನಲ್ಲಿ ನಿಲ್ಲಿಸಿದರು. ತಿದ್ದಿದ ಮುಖದ ಕೆಳಗೆ ನಿಜವಾದ ಮುಖ. ನಾನು ಎದ್ದು ಹೊರಡುವವನಿದ್ದೆ. ಒಳಗಿನಿಂದ ಇರು ಅಂದರು. ಸ್ವಲ್ಪ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಅದೇ ಮಗಳ ಮದುವೆಯ ಸೀರೆ ಉಟ್ಟು ಹೊರಗೆ ಬಂದರು. ತಾನು ಹೋದ ಮೇಲೆ ಮಕ್ಕಳು ಓಟಿನ ಚೀಟಿ ಹಿಡಿದು ಅಲೆಯುವುದು ಬೇಡ, ಈಗಲೇ ಒಂದು ತೆಗೆದುಬಿಡು ಅಂದರು. ಅಂಗಳಕ್ಕಿಳಿದು, ಗೋಡೆಗೆ ಬೆನ್ನು ಮಾಡಿ, ಎರಡು ಕೈಗಳನ್ನೂ ಇಳಿಬಿಟ್ಟು ನೆಟ್ಟಗೆ ನಿಂತರು. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಹಾಗೇ ಬಿಟ್ಟಿದ್ದರು.

“ಈ ಸಲ ಸದ್ದು ಬರೋ ಅಂಗೆ ತೆಗಿ,” ಅಂದರು.

ಫ್ಲಾಶು ಹಾಕಲಿಲ್ಲ, ಬಿಸಿಲಿತ್ತು. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ. ಒತ್ತಿದೆ. ಖಾಲಿ ಅಂಗಳದಲ್ಲಿ ಆ ಸದ್ದು ಸ್ಪಷ್ಟವಾಗಿ ಕೇಳಿತು. ಆಕೆ ಸಣ್ಣಗೆ ತಲೆಯಾಡಿಸಿದರು, ಕೇಳಿತು ಎನ್ನುವ ಹಾಗೆ.

ಆಯ್ತು ಅವ್ವಾ ಅಂದೆ. ಆಕೆ ಕದಲಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ನಿಜವಾಗಿಯೂ ಆಯ್ತು ಅಂತ ಇನ್ನೊಮ್ಮೆ ಹೇಳಿದೆ. ಗದ್ದ ಎತ್ತಿದ್ದು ಎತ್ತಿದ ಹಾಗೇ ಇತ್ತು, ಉಸಿರು ಹಿಡಿದದ್ದು ಹಿಡಿದ ಹಾಗೇ ಇತ್ತು. ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆಯುವ ತನಕ ಆಕೆ ಭುಜ ಇಳಿಸಲಿಲ್ಲ.